ರೆ ಮೇಡಂ

ತಲೆಯ ಮೇಲೆ ಸೆರಗು ಹೊದ್ದರೂ ಮೇಡಂ ಬಲಗಿವಿಯನ್ನು ಮಾತ್ರ ಹೊರಗೇ ಬಿಟ್ಟಿರುತ್ತಿದ್ದರು. ಎಡಗಿವಿ ಅವರಿಗೆ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರದಲ್ಲಿ ಹೋದದ್ದಂತೆ. ಯಾರಾದರೂ ಮಾತಾಡಿಸಿದರೆ ಬರೀ ಕತ್ತು ತಿರುಗಿಸದೆ ಇಡೀ ಮೈಯನ್ನೇ ಆ ಕಡೆ ತಿರುಗಿಸಿ, ಬಲಗಿವಿಯನ್ನು ಒಂದಿಷ್ಟು ಮುಂದಕ್ಕೆ ತಂದು, ಕಣ್ಣನ್ನು ನೆಲದಲ್ಲಿ ನೆಟ್ಟು ನಿಲ್ಲುತ್ತಿದ್ದರು. ಅಷ್ಟು ಶ್ರದ್ಧೆಯಿಂದ ತಮ್ಮ ಮಾತನ್ನು ಮನೆಯವರೂ ಕೇಳಿಸಿಕೊಂಡಿರಲಾರರು ಎಂದು ಎದುರಿಗಿದ್ದವರಿಗೆ ಅನ್ನಿಸುತ್ತಿತ್ತು. ಎಲ್ಲ ಕೇಳಿಸಿಕೊಂಡಾದ ಮೇಲೆ ಮೇಡಂ ಹೇಳುತ್ತಿದ್ದದ್ದು ಒಂದೇ ಮಾತು: "ಇನ್ನೊಂದ್ಸಲ ಹೇಳಿ."

ಎರಡನೇ ಸಲ ಹೇಳುವಾಗ ವಿದ್ಯಾರ್ಥಿ ತಡವರಿಸುತ್ತಿದ್ದ. ಮೊದಲ ಸಲ ಬಾಯಿಗೆ ಬಂದದ್ದನ್ನು ಈಗ ಜೋಡಿಸಿ ಹೇಳಬೇಕಾಗುತ್ತಿತ್ತು. ಮೂರನೇ ಸಲಕ್ಕೆ ತನ್ನ ಪ್ರಶ್ನೆಯಲ್ಲಿ ಎಲ್ಲಿ ಎಡವಟ್ಟಾಗಿದೆ ಎಂದು ಅವನಿಗೇ ತಿಳಿದು, "ಬೇಡ ಬಿಡಿ ಮೇಡಂ, ಗೊತ್ತಾಯ್ತು" ಎಂದು ಕೂತುಬಿಡುತ್ತಿದ್ದ. ಮೊದಲ ಸಲವೇ ಅವರಿಗೆ ಎಲ್ಲ ಕೇಳಿಸಿರುತ್ತದೆ, ಬೇಕೆಂದೇ ಹೀಗೆ ಮಾಡುತ್ತಾರೆ ಎಂಬ ಗುಮಾನಿ ಕಾಲೇಜಿನಲ್ಲಿ ಇತ್ತು. ನಾನು ಒಂದು ಸಲ ಕೇಳಿಯೂ ಕೇಳಿದೆ. ಅವರು ಸುಮ್ಮನೆ ನಕ್ಕರು.

ಕಾಲೇಜು ಇದ್ದದ್ದು ಯಲಹಂಕದಿಂದಾಚೆ, ದೊಡ್ಡಬಳ್ಳಾಪುರದ ರಸ್ತೆಯಲ್ಲಿ. 2009ರಲ್ಲಿ ನಾನು ಅಲ್ಲಿಗೆ ಗಣಿತದ ಲೆಕ್ಚರರ್ ಆಗಿ ಸೇರಿದೆ. ನಮ್ಮದು ಶೆಟ್ಟಿಹಳ್ಳಿ. ತಾತನ ರಾಗಿ ಹೊಲ ಅಷ್ಟು ಹೊತ್ತಿಗೆ ಲೇಔಟ್ ಆಗಿ, ಅಪ್ಪ ಅದೇ ಲೇಔಟಿನ ಮನೆಗಳಿಗೆ ಸಿಮೆಂಟು ಕಬ್ಬಿಣ ಮಾರುತ್ತಿದ್ದರು. ಮನೆಯಲ್ಲಿ ಎಂ.ಎಸ್ಸಿ. ತನಕ ಓದಿದವಳು ನಾನೊಬ್ಬಳೇ. "ಇನ್ನೂ ಏನೇ ಓದಾದು? ಇಂಗೇ ಓದ್ತಾ ಕುಂತ್ರೆ ಯಾವಾಗ ಮುಗಿಯಾದು?" ಎಂದು ಅಮ್ಮ ದಿನಾ ಬೆಳಿಗ್ಗೆ ಡಬ್ಬಿ ಕಟ್ಟುತ್ತಾ ಕೇಳುವಳು. ಸ್ಟಾಫ್ ರೂಮಿನಲ್ಲಿ ನನಗೆ ಸಿಕ್ಕ ಮೇಜು ಮೇಡಮ್ಮಿನ ಬಲಗಡೆಗಿತ್ತು. ಎಡಗಡೆ ಸಿಕ್ಕಿದ್ದರೆ ನಾನು ಇವತ್ತಿಗೂ ಮೊದಲ ವರ್ಷದವರಿಗೆ ಕ್ಯಾಲ್ಕುಲಸ್ ಹೇಳಿಕೊಂಡು ಇರುತ್ತಿದ್ದೆನೇನೋ.

ಮೇಡಮ್ಮಿನ ವಿಷಯ ಕ್ರಿಪ್ಟೋಗ್ರಫಿ, ಅಂದರೆ ಗುಟ್ಟನ್ನು ಗುಟ್ಟಾಗಿ ಇಡುವ, ಸಹಿಯನ್ನು ನಕಲು ಮಾಡಲಾಗದಂತೆ ಮಾಡುವ ಗಣಿತ. ಅದರಲ್ಲೂ ಅವರು ಹಿಡಿದದ್ದು ಒಂದು ಓಣಿ: ಒಂದು ಬೀಗ ಗಟ್ಟಿ ಎಂದು ಸಾಧಿಸಿ ತೋರಿಸುವುದು ಹೇಗೆ ಎನ್ನುವುದು. "ಬೀಗ ಗಟ್ಟಿ ಅಂತ ಎಲ್ಲರೂ ಹೇಳ್ತಾರೆ. ಯಾಕೆ ಗಟ್ಟಿ ಅಂತ ಹೇಳೋರು ಕಮ್ಮಿ" ಎನ್ನುತ್ತಿದ್ದರು. ಅವರ ಮೊದಲ ಪಾಠ ನನಗೆ ಹೆಚ್ಚುಕಮ್ಮಿ ಬಾಯಿಪಾಠ ಆಗಿದೆ. "ಈ ಬೀಗ ಒಡೆಯೋ ಕಳ್ಳ ಒಬ್ಬ ಇದ್ರೆ, ಅವನನ್ನೇ ಕೂರಿಸ್ಕೊಂಡು ಈ ಕಷ್ಟದ ಲೆಕ್ಕ ಬಿಡಿಸ್ಬಹುದು. ಈ ಲೆಕ್ಕ ಇವತ್ತಿನ ತನಕ ಯಾರ ಕೈಲೂ ಆಗಿಲ್ಲ. ನಾಳೆ ಯಾರಾದ್ರೂ ಬಿಡಿಸಿದ್ರೆ ನಮ್ಮ ಬೀಗಾನೂ ಹೋಯ್ತು. ನಾವು ಹೇಳ್ಬಹುದಾದ್ದು ಇಷ್ಟೇ. ಇದಕ್ಕಿಂತ ಒಂದು ಅಕ್ಷರ ಜಾಸ್ತಿ ಹೇಳಿದ್ರೆ ಸುಳ್ಳು."

ಪರೀಕ್ಷೆಯಲ್ಲಿ ಯಾರಾದರೂ 'ಈ ಪದ್ಧತಿ ಸುರಕ್ಷಿತ' ಎಂದು ಬರೆದು ಸುಮ್ಮನಾದರೆ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ 'ಏನಾದರೆ?' ಎಂದು ಬರೆಯುತ್ತಿದ್ದರು. ಅದಕ್ಕೇ ಹುಡುಗರು ಅವರಿಗೆ 'ರೆ ಮೇಡಂ' ಎಂದು ಹೆಸರಿಟ್ಟಿದ್ದರು. ಅವರಿಗೂ ಅದು ಗೊತ್ತಿತ್ತು.

ನನಗೆ ಆ ವಿಷಯ ಏನೂ ಗೊತ್ತಿರಲಿಲ್ಲ. ಬಿಡುವಿದ್ದಾಗ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದೆ. ಒಂದು ದಿನ ರ್‍ಯಾಂಡಮ್ ಒರಾಕಲ್ ಎನ್ನುವುದನ್ನು ಹೇಳಬೇಕಾಗಿತ್ತು. "ಒರಾಕಲ್‌ಗೆ ಕನ್ನಡದಲ್ಲಿ ಏನಂತೀರಿ?" ಎಂದು ತರಗತಿಯನ್ನು ಕೇಳಿದರು. ಹುಡುಗರು ಯಾವುದೋ ಸಾಫ್ಟ್‌ವೇರ್ ಹೆಸರು ಹೇಳಿ ನಕ್ಕರು. ನಮ್ಮ ಅಜ್ಜಿಯ ಕಾಲದಲ್ಲಿ ಬುಟ್ಟಿ ಹೊತ್ತು ಬಾಗಿಲಿಗೆ ಬರುತ್ತಿದ್ದ ಹೆಂಗಸು ನನಗೆ ನೆನಪಾಗಿ, "ಕಣಿ ಹೇಳೋಳು ಅನ್ಬಹುದಾ ಮೇಡಂ?" ಎಂದೆ. ಅವರು ಇಡೀ ಮೈ ತಿರುಗಿಸಿದರು. "ಇನ್ನೊಂದ್ಸಲ ಹೇಳಿ." ಹೇಳಿದೆ. "ಹಾಗಾದ್ರೆ ಇವತ್ತು ನೀವೇ ಕಣಿ ಹೇಳೋಳು. ಬನ್ನಿ ಮುಂದಕ್ಕೆ" ಎಂದರು.

ನನ್ನನ್ನು ಕಾರಿಡಾರಿಗೆ ಕಳಿಸಿ ಬಾಗಿಲು ಹಾಕಿದರು. ಕೈಯಲ್ಲಿ ಹಾವು ಏಣಿ ಆಟದ ಒಂದು ದಾಳ. ಒಳಗಿನಿಂದ ಹುಡುಗರು ಬಾಗಿಲ ಸಂದಿಯಲ್ಲಿ ಚೀಟಿ ತಳ್ಳುತ್ತಿದ್ದರು, ಅದರಲ್ಲಿ ಏನಾದರೂ ಬರೆದಿರುತ್ತಿತ್ತು. ಹೊಸ ಚೀಟಿ ಬಂದರೆ ದಾಳ ಉರುಳಿಸಿ ಬಿದ್ದ ಅಂಕಿಯನ್ನು ಹೇಳಬೇಕು. ಅದೇ ಚೀಟಿ ಮತ್ತೆ ಬಂದರೆ ಮೊದಲು ಹೇಳಿದ ಅಂಕಿಯನ್ನೇ ಹೇಳಬೇಕು. ಕಣಿಯವಳ ನೇಮ ಇಷ್ಟೇ. ನಿಜವಾದ ಯಂತ್ರಗಳಲ್ಲಿ ಆ ಜಾಗದಲ್ಲಿ ಹ್ಯಾಶ್ ಎಂಬ ಲೆಕ್ಕ ಇರುತ್ತದೆ. ಎಷ್ಟು ಉದ್ದದ ಬರಹ ಕೊಟ್ಟರೂ ನುಣ್ಣಗೆ ಅರೆದು ಗೊತ್ತಾದ ಅಳತೆಯ ಒಂದು ಅಂಕಿಯಾಗಿ ಕೊಡುವ ಲೆಕ್ಕ. ಅದರ ಪ್ರತಿ ಹೆಜ್ಜೆಯೂ ಎಲ್ಲರಿಗೂ ಗೊತ್ತು. ಸಾಧನೆಗೆ, ಅಂದರೆ ಬೀಗ ಗಟ್ಟಿ ಎಂಬುದಕ್ಕೆ ಪ್ರೂಫ್ ಬರೆಯಲು, ಕೂತಾಗ ಮಾತ್ರ, ಅಲ್ಲೊಬ್ಬಳು ಕಣಿ ಹೇಳುವವಳಿದ್ದಾಳೆ, ಕಳ್ಳನಾದರೂ ಸರಿ ಸಾಹುಕಾರನಾದರೂ ಸರಿ ಅವಳ ಬಾಗಿಲಿಗೇ ಬಂದು ಕೇಳಬೇಕು ಎಂದು ಇಟ್ಟುಕೊಳ್ಳುತ್ತೇವೆ.

"ಇಂಥ ಕಣಿ ಹೇಳೋಳು ಪ್ರಪಂಚದಲ್ಲಿ ಎಲ್ಲೂ ಇಲ್ಲ, ನೆನಪಿರ್ಲಿ" ಎಂದು ಮೇಡಂ ಒಳಗೆ ಹೇಳುತ್ತಿದ್ದದ್ದು ನನಗೆ ಕಾರಿಡಾರಿನಲ್ಲಿ ಕೇಳುತ್ತಿತ್ತು. "ಇದ್ದಾಳೆ ಅಂತ ಇಟ್ಕೊಂಡ್ರೆ ನಮ್ಮ ಸಾಧನೆ ನಡೆಯುತ್ತೆ. ಹ್ಯಾಶು ಅವಳ ಥರ ನಡ್ಕೊಳ್ಳದಿದ್ರೆ ಏನಾಗುತ್ತೋ ನಂಗೊತ್ತಿಲ್ಲ."

ಆ ವರ್ಷದಿಂದ ಪ್ರತಿ ವರ್ಷ ಆ ಆಟ ಆಡಿಸುವುದು, ನಾನು ಬಾಗಿಲ ಹಿಂದೆ ನಿಲ್ಲುವುದು ರೂಢಿಯಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ನಾನು ಅವರ ಹತ್ತಿರವೇ ಪಿಎಚ್.ಡಿ.ಗೆ ಸೇರಿಕೊಂಡೆ.

ಆಗ ಅವರು ಒಂದು ಕೆಲಸದಲ್ಲಿ ಮುಳುಗಿದ್ದರು. ಯಶವಂತಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕರೆಂಟ್ ಮೀಟರ್ ಮಾಡುವ ಒಂದು ಕಂಪನಿಯಿತ್ತು. ಮೀಟರು ತಾನೇ ರೀಡಿಂಗನ್ನು ಆಫೀಸಿಗೆ ಕಳಿಸಬೇಕು, ದಾರಿಯಲ್ಲಿ ಯಾರೂ ಅದನ್ನು ತಿದ್ದಬಾರದು, ಅದಕ್ಕೆ ಮೀಟರು ಪ್ರತಿ ರೀಡಿಂಗಿಗೂ ಒಂದು ಸಹಿ ಹಾಕಬೇಕು. ಮೀಟರಿನೊಳಗಿನ ಚಿಪ್ಪು ಬಡಪಾಯಿ, ದೊಡ್ಡ ಲೆಕ್ಕ ಮಾಡಲು ಅದರ ಕೈಲಾಗದು. ಮೇಡಂ ಒಂದು ಉಪಾಯ ಕಂಡುಹಿಡಿದರು. ಸಹಿಗೆ ಎರಡು ಅರ್ಧಗಳಿವೆ. ಕಷ್ಟದ ಲೆಕ್ಕವೆಲ್ಲ ಮೊದಲ ಅರ್ಧದಲ್ಲಿರುತ್ತದೆ, ಮತ್ತು ಅದಕ್ಕೆ ರೀಡಿಂಗ್ ಎಷ್ಟೆಂದು ಗೊತ್ತಿರಬೇಕಾಗಿಲ್ಲ. ಆ ಅರ್ಧಗಳನ್ನು ಮೀಟರು ತಯಾರಾಗುವಾಗಲೇ ಲೆಕ್ಕ ಹಾಕಿ ಆಫೀಸಿಗೆ ಕಳಿಸಿಟ್ಟರೆ, ಆಮೇಲೆ ಮೀಟರು ಎರಡನೇ ಅರ್ಧವನ್ನಷ್ಟೇ ಕಳಿಸಿದರೆ ಸಾಕು. ಮೊದಲಿದ್ದ ಪದ್ಧತಿ ಗಟ್ಟಿ ಎನ್ನುವುದಕ್ಕೆ ಕಣಿಯವಳನ್ನಿಟ್ಟುಕೊಂಡು ಮಾಡಿದ ಸಾಧನೆ ಆಗಲೇ ಇತ್ತು. ಹೊಸದಕ್ಕೂ ಅದೇ ಸಾಧನೆ ಹೊಂದುತ್ತದೆ ಎಂದು ನಾವು ಪೇಪರಿನಲ್ಲಿ ಒಂದು ಸಾಲು ಬರೆದೆವು: 'ಉಳಿದದ್ದು ಹಿಂದಿನಂತೆಯೇ.'

ಪೇಪರು ಹೊರದೇಶದ ಒಂದು ಸಮ್ಮೇಳನದಲ್ಲಿ ಬಂತು. ಅವರ ಹೆಸರಿನ ಕೆಳಗೆ ನನ್ನ ಹೆಸರೂ ಇತ್ತು. ಕಾಲೇಜಿನ ಗೇಟಿಗೆ ನಮ್ಮಿಬ್ಬರ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದರು. ಅಪ್ಪ ಅಂಗಡಿ ಬಿಟ್ಟು ಬಂದು ಅದರ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡು ಹೋದರು. ಕಂಪನಿಯವರು ಮೀಟರಿನ ಮೊದಲ ಕಂತು ತಯಾರು ಮಾಡಲು ಹೊರಟರು.

ಏರ್‌ಪೋರ್ಟ್ ರಸ್ತೆಯ ಮೇಲೆ ಫ್ಲೈಓವರಿನ ಕಂಬಗಳು ಏಳುತ್ತಿದ್ದ ಕಾಲ ಅದು. ಹೆಬ್ಬಾಳದಿಂದ ಯಲಹಂಕದ ತನಕ ಧೂಳು. ಒಂದು ದಿನ ಬಸ್ಸು ತಡವಾಗಿ, ಮೇಡಂ ಸೆರಗು ಕೊಡವಿಕೊಳ್ಳುತ್ತಲೇ ತರಗತಿಗೆ ಬಂದರು. ಹೊಸ ಪೇಪರಿನ ಹುರುಪಿನಲ್ಲಿ, ಆ ವರ್ಷದ ಆಟವನ್ನು ಮೀಟರಿನ ಸಹಿಯ ಮೇಲೇ ಆಡಿಸೋಣ ಎಂದರು.

ಆಟದ ಎರಡನೇ ಭಾಗ ಹೀಗೆ: ಒಬ್ಬ ಹುಡುಗ ಕಳ್ಳ. ಅವನು ಕೇಳಿದ ರೀಡಿಂಗಿಗೆಲ್ಲ ಮೇಡಂ ಸಹಿ ಹಾಕಿಕೊಡಬೇಕು, ಆದರೆ ಸಹಿ ಹಾಕಲು ಬೇಕಾದ ಗುಟ್ಟಿನ ಅಂಕಿ, ಅಂದರೆ ಕೀ, ಅವರ ಬಳಿ ಇಲ್ಲ. ಕೀ ಇಲ್ಲದೆ ಸಹಿ ಹೇಗೆ? ಸಹಿಯನ್ನು ತಾಳೆ ನೋಡುವವರು ಅದರ ಮೊದಲ ಅರ್ಧವನ್ನೂ ರೀಡಿಂಗನ್ನೂ ಸೇರಿಸಿ ಕಣಿಯವಳನ್ನು ಕೇಳಬೇಕು, ಆ ಕಣಿಯವಳು ಮೇಡಮ್ಮಿನ ಕಡೆಯವಳು. ಸಹಿಯನ್ನು ಮೊದಲೇ ತಮಗೆ ಬೇಕಾದ ಹಾಗೆ ಬರೆದಿಟ್ಟುಕೊಂಡು, 'ಈ ಪ್ರಶ್ನೆ ಬಂದರೆ ಇಂಥ ಅಂಕಿ ಹೇಳಿ' ಎಂದು ಕಿಟಕಿಯಿಂದ ನನಗೆ ಗುಟ್ಟಾಗಿ ಚೀಟಿ ಕೊಡುತ್ತಾರೆ. ನಾನು ಹಾಗೇ ಹೇಳುತ್ತೇನೆ. ಕಳ್ಳ ತಾಳೆ ನೋಡಿದರೆ ಸಹಿ ಸರಿಯಾಗಿಯೇ ಇರುತ್ತದೆ. ಕೀ ಇಲ್ಲದೆ ಕೊಟ್ಟ ಸಹಿಗೂ ಅಸಲಿ ಸಹಿಗೂ ಅವನಿಗೆ ವ್ಯತ್ಯಾಸವೇ ತಿಳಿಯಲಿಲ್ಲ ಎಂದರೆ, ಸಹಿಗಳನ್ನು ನೋಡಿ ಅವನು ಕೀಯ ಬಗ್ಗೆ ಏನೂ ಕಲಿಯಲಿಲ್ಲ ಎಂದಾಯಿತು. ಇಡೀ ಸಾಧನೆ ನಿಂತಿದ್ದದ್ದು ಇದರ ಮೇಲೆ.

ಅಂದು ಕಳ್ಳನಾಗಿದ್ದವನು ಅಲ್ಲಾಳಸಂದ್ರದ ಒಬ್ಬ ಹುಡುಗ. ಮೂರು ವಿಷಯ ಬಾಕಿ ಉಳಿಸಿಕೊಂಡವನು, ತರಗತಿಯಲ್ಲಿ ಇರುವುದಕ್ಕಿಂತ ಕ್ಯಾಂಟೀನಿನಲ್ಲಿ ಇರುವುದು ಹೆಚ್ಚು. ಮೀಟರಿನವು ಮೊದಲೇ ಕಳಿಸಿಟ್ಟ ಅರ್ಧಗಳಲ್ಲವೇ, ಕಳ್ಳನ ಕಣ್ಣಿಗೂ ಬಿದ್ದಿರಬಹುದು, ಹಾಗಾಗಿ ಮೇಡಂ ಸಹಿಗಳ ಮೊದಲ ಅರ್ಧಗಳನ್ನು ಬೋರ್ಡಿನ ಮೇಲೆ ಬರೆದರು. ಅವನು ಸಹಿ ಕೇಳುವ ಮೊದಲೇ ನನ್ನ ಕಡೆಗೆ ಒಂದು ಚೀಟಿ ತಳ್ಳಿದ. ಬೋರ್ಡಿನ ಮೊದಲನೇ ಅರ್ಧ, ಅದರ ಮುಂದೆ '412 ಯೂನಿಟ್' ಎಂದಿತ್ತು. ನಾನು ದಾಳ ಉರುಳಿಸಿದೆ. ನಾಲ್ಕು ಬಿತ್ತು. ಗಟ್ಟಿಯಾಗಿ ನಾಲ್ಕು ಎಂದೆ.

ಆಮೇಲೆ ಅವನು ಮೇಡಮ್ಮಿಗೆ, "ಈಗ 412ಕ್ಕೆ ಸಹಿ ಹಾಕಿ ಮೇಡಂ" ಎಂದ. ಅವರು ಸಹಿ ಬರೆದು ಕಿಟಕಿಯಿಂದ ನನಗೆ ಚೀಟಿ ಕೊಟ್ಟರು. ಅದೇ ಪ್ರಶ್ನೆ. ಎರಡು ಅನ್ನಿ ಎಂದಿತ್ತು.

ನನಗೆ ಏನು ಮಾಡಬೇಕೋ ತಿಳಿಯದೆ ಬಾಗಿಲು ತೆಗೆದು, "ಮೇಡಂ, ಇದಕ್ಕೆ ಆಗ್ಲೇ ನಾಲ್ಕು ಅಂದ್ಬಿಟ್ಟಿದೀನಿ" ಎಂದೆ.

ತರಗತಿ ಗೊಳ್ಳೆಂದು ನಕ್ಕಿತು. "ಸಿಕ್ಬಿದ್ರು ಮೇಡಂ" ಎಂದ ಹುಡುಗ. ಮೇಡಮ್ಮೂ ನಕ್ಕರು. ನಗುತ್ತಾ ನಗುತ್ತಾ ನಿಲ್ಲಿಸಿದರು. ಬೋರ್ಡನ್ನು ನೋಡಿ, ನನ್ನನ್ನು ನೋಡಿ, ಆ ಹುಡುಗನ ಕಡೆಗೆ ಪೂರ್ತಿ ತಿರುಗಿ ನಿಂತರು.

"ನೀವು ಮೊದಲೇ ಯಾಕೆ ಕೇಳಿದ್ರಿ?"

"ಬೋರ್ಡ್ ಮೇಲೆ ಇತ್ತಲ್ಲ ಮೇಡಂ. ಕೇಳ್ಬಾರ್ದು ಅಂತ ನೀವೇನ್ ಹೇಳ್ಲಿಲ್ಲ."

"ಇನ್ನೊಂದ್ಸಲ ಹೇಳಿ."

ಅವನಿಗೆ ಭಯವಾಯಿತು. "ಸಾರಿ ಮೇಡಂ, ಸುಮ್ನೆ ತಮಾಷೆಗೆ..."

"ತಮಾಷೆ ಅಲ್ಲ. ಹೇಳಿ."

"ಅರ್ಧ ಸಹಿ ಮೊದಲೇ ಗೊತ್ತಿದ್ರೆ, ಕಣಿಯೋರನ್ನ ಮೊದಲೇ ಕೇಳ್ಬಿಡ್ಬಹುದು. ಆಮೇಲೆ ನೀವು ಹೇಳ್ಕೊಟ್ಟಿದ್ದನ್ನ ಅವರು ಹೇಳಕ್ಕಾಗಲ್ಲ."

ಹಳೆಯ ಪದ್ಧತಿಯಲ್ಲಿ ಮೊದಲ ಅರ್ಧ ಹುಟ್ಟುತ್ತಿದ್ದದ್ದೇ ಸಹಿ ಹಾಕುವ ಗಳಿಗೆಯಲ್ಲಿ. ಕಳ್ಳ ಅದನ್ನು ಮೊದಲೇ ಊಹಿಸಿ ಕಣಿಯವಳನ್ನು ಕೇಳಿರುವ ಸಂಭವ ಇಲ್ಲವೆಂದೇ ಹೇಳಬಹುದು. ನಾವು ಅದನ್ನು ಮುಂಚೆಯೇ ಕಳಿಸಿಕೊಟ್ಟು ಆ ಬಾಗಿಲನ್ನು ತೆರೆದಿಟ್ಟಿದ್ದೆವು. 'ಉಳಿದದ್ದು ಹಿಂದಿನಂತೆಯೇ' ಇರಲಿಲ್ಲ. ಸಮ್ಮೇಳನದ ಪರಿಶೀಲಕರೂ ಅದನ್ನು ಗಮನಿಸಿರಲಿಲ್ಲ.

ಮೇಡಂ ಅಂದಿನ ಪಾಠ ಪೂರ್ತಿ ಮುಗಿಸಿದರು. ಸ್ಟಾಫ್ ರೂಮಿಗೆ ಬಂದು ಕೂತವರು ಡಬ್ಬಿ ತೆಗೆಯಲಿಲ್ಲ. ಆ ವಾರವೆಲ್ಲ ಇಬ್ಬರೂ ಸಾಧನೆಯನ್ನು ಎಲ್ಲ ದಿಕ್ಕಿನಿಂದ ಹಿಡಿದು ಎತ್ತಲು ನೋಡಿದೆವು. ಏಳಲಿಲ್ಲ. ಕೊನೆಗೆ ಅವರು ಪೆನ್ನಿನ ಮುಚ್ಚಳ ಹಾಕಿ, "ಪ್ರಿನ್ಸಿಪಾಲರ ಹತ್ರ ಹೋಗೋಣ ಬನ್ನಿ" ಎಂದರು.

ಪ್ರಿನ್ಸಿಪಾಲರು ಒಳ್ಳೆಯವರೇ. ಎಲ್ಲ ಕೇಳಿಕೊಂಡು, "ಯಾರಿಗೂ ಗೊತ್ತಿಲ್ವಲ್ಲ ಮೇಡಂ. ಸದ್ದಿಲ್ಲದೆ ಸರಿ ಮಾಡ್ಕೊಂಡು ಮುಂದಿನ ಪೇಪರಿನಲ್ಲಿ ಸೇರಿಸ್ಬಿಡಿ" ಎಂದರು.

"ಅಲ್ಲೀ ತನಕ ನಂಬ್ಕೊಂಡಿರೋರು?"

"ಕಾಲೇಜಿನ ಹೆಸರೂ ನೋಡ್ಬೇಕಲ್ವಾ?"

"ಅದಕ್ಕೇ ಸರ್ ಹೇಳ್ತಿರೋದು" ಎಂದು ಮೇಡಂ ಎದ್ದರು.

ಮಾರನೆಯ ದಿನ ಎರಡು ಬಸ್ಸು ಹತ್ತಿ ಇಳಿದು ಯಶವಂತಪುರಕ್ಕೆ ಹೋದೆವು. ಕಂಪನಿಯ ಮ್ಯಾನೇಜರು ನಮಗೆ ಕಾಫಿ ತರಿಸಿದ. ಮೇಜಿನ ಮೇಲೆ ಹೊಸ ಮೀಟರು, ಇನ್ನೂ ಪ್ಲಾಸ್ಟಿಕ್ ಹಾಳೆ ಬಿಚ್ಚಿರಲಿಲ್ಲ. ಮೇಡಂ ವಿಷಯ ಹೇಳಿದರು. ಅವನಿಗೆ ಅರ್ಥವಾಗಲಿಲ್ಲ.

"ಯಾರಾದ್ರೂ ಒಡೆದ್ರಾ ಮೇಡಂ?"

"ಇಲ್ಲ."

"ಒಡೆಯೋ ದಾರಿ ಏನಾದ್ರೂ ನಿಮಗೆ ಗೊತ್ತಾಗಿದ್ಯಾ?"

"ಇಲ್ಲ. ನಾನೂ ಪ್ರಯತ್ನ ಪಟ್ಟೆ, ಸಿಗ್ಲಿಲ್ಲ."

"ಮತ್ತೆ ಪ್ರಾಬ್ಲಂ ಏನು?"

"ಒಡೆಯಕ್ಕಾಗಲ್ಲ ಅಂತ ತೋರಿಸಿದೀನಿ ಅಂತ ನಿಮಗೆ ಹೇಳಿದ್ದೆ. ತೋರಿಸಿಲ್ಲ. ಆ ಮಾತನ್ನ ವಾಪಸ್ ತಗೊಳ್ಳಕ್ಕೆ ಬಂದಿದೀನಿ."

ಅವನು ಮೀಟರನ್ನು ಮೇಜಿನ ಪಕ್ಕಕ್ಕೆ ಸರಿಸಿದ. "ಇದನ್ನ ಫೋನಲ್ಲಿ ಹೇಳಿದ್ರೂ ಆಗ್ತಿತ್ತು ಮೇಡಂ" ಎಂದ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿತು. ಮುಂದೆ ಕಂಪನಿಯವರು ಬೇರೆ ಯಾರದೋ ಪದ್ಧತಿ ತೆಗೆದುಕೊಂಡರು. ನಮ್ಮ ಕಾಲೇಜಿನೊಂದಿಗಿದ್ದ ಒಡಂಬಡಿಕೆಯೂ ಅಲ್ಲಿಗೆ ಮುಗಿಯಿತು.

ವಾಪಸ್ ಬರುವಾಗ ಹೆಬ್ಬಾಳದಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಇಳಿದು, ಗಾಡಿಯವನ ಹತ್ತಿರ ಉಪ್ಪು ಖಾರ ಹಚ್ಚಿದ ಸೀಬೆಹಣ್ಣು ಕೊಂಡು ಇಬ್ಬರೂ ನಿಂತೇ ತಿಂದೆವು. "ನಾಲ್ಕು ವರ್ಷ ರೀ" ಎಂದರು. "ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಅದೇ ನೆನಪಾಗ್ತಿತ್ತು. ಇವತ್ತೂ ಆಯ್ತು." ಕಣ್ಣಲ್ಲಿ ನೀರು ಇತ್ತು. ಖಾರಕ್ಕೆ ಬಂದದ್ದೆಂದು ನಾನು ಅಂದುಕೊಳ್ಳಲಿ ಎಂಬಂತೆ ಸೆರಗಿನಲ್ಲಿ ಒರೆಸಿಕೊಂಡರು.

ಸಮ್ಮೇಳನದವರಿಗೆ ಪೇಪರು ಹಿಂದಕ್ಕೆ ಪಡೆಯುತ್ತೇವೆಂದು ಬರೆದರು. ತಪ್ಪು ಎಲ್ಲಿದೆ ಎಂದು ಎರಡೇ ಪ್ಯಾರಾದಲ್ಲಿ ವಿವರಿಸಿ, ಇದನ್ನು ತೋರಿಸಿಕೊಟ್ಟವರು ಎಂದು ಆ ಅಲ್ಲಾಳಸಂದ್ರದ ಹುಡುಗನ ಪೂರ್ತಿ ಹೆಸರು ಹಾಕಿದರು. ಬ್ಯಾಕ್‌ಲಾಗ್ ಇರುವ ಹುಡುಗನ ಹೆಸರು ಯಾಕೆ ಎಂದು ವಿಭಾಗದಲ್ಲಿ ಗುಸುಗುಸು ನಡೆಯಿತು. ಅವನು ಕ್ಯಾಂಟೀನಿನಲ್ಲಿ ಅದರ ಪ್ರಿಂಟ್ ಹಿಡಿದು, "ನೋಡು ಮಗಾ, ನನ್ ಹೆಸ್ರು. ಇನಿಷಿಯಲ್ ಸಮೇತ" ಎಂದು ಎಲ್ಲರಿಗೂ ತೋರಿಸುತ್ತಿದ್ದ. ಬಾಕಿ ವಿಷಯಗಳನ್ನು ಅವನು ಮುಂದಿನ ಸೆಮಿಸ್ಟರಿನಲ್ಲೇ ಪಾಸು ಮಾಡಿಕೊಂಡ.

ಫ್ಲೆಕ್ಸನ್ನು ಬಿಚ್ಚಿದರು. ಆ ವರ್ಷ ವಿಭಾಗದ ಮುಖ್ಯಸ್ಥೆಯ ಜಾಗ ಮೇಡಮ್ಮಿಗೆ ಬರಬೇಕಿತ್ತು, ಅವರಿಗಿಂತ ಕಿರಿಯರೊಬ್ಬರಿಗೆ ಹೋಯಿತು. ಹೊಸಬರನ್ನು ಅಭಿನಂದಿಸಲು ಮೊದಲು ಎದ್ದವರು ಮೇಡಮ್ಮೇ. ಆಮೇಲೂ ಆ ಮಾತು ಅವರ ಬಾಯಲ್ಲಿ ನಾನು ಕೇಳಲಿಲ್ಲ.

ಒಡೆದುಹೋದ ಆ ಸಾಧನೆಯನ್ನು ಸರಿಪಡಿಸುವುದೇ ನನ್ನ ಪಿಎಚ್.ಡಿ.ಯ ಕೆಲಸವಾಯಿತು. ಸಹಿ ಹಾಕುವ ಗಳಿಗೆಯಲ್ಲಿ ಮೀಟರು ಯಾರೂ ಮೊದಲೇ ಊಹಿಸಲಾಗದ ಒಂದು ಹೊಸ ಅಂಕಿಯನ್ನು ಬೆರೆಸಿದರೆ ಸಾಧನೆ ಮತ್ತೆ ನಿಲ್ಲುತ್ತದೆ ಎಂದು ತೋರಿಸಲು ಮೂರು ವರ್ಷ ಹಿಡಿಯಿತು. ಮೇಡಮ್ಮಿಗೆ ಅಷ್ಟು ಸಾಲದು. ಕಣಿಯವಳೇ ಇಲ್ಲದೆ ಆಗಬೇಕು ಎನ್ನುವುದು ಅವರ ಬಹಳ ದಿನದ ಆಸೆ. "ಇಲ್ಲದವಳನ್ನ ಇದ್ದಾಳೆ ಅಂತ ಎಷ್ಟು ದಿನ ಇಟ್ಕೊಳ್ಳೋದು?" ಎನ್ನುತ್ತಿದ್ದರು. ಅದು ನನ್ನ ಕೊನೆಯ ಅಧ್ಯಾಯ. ನಾನು ಅದಕ್ಕೊಂದು ದಾರಿ ಕಂಡುಕೊಳ್ಳುವ ಹೊತ್ತಿಗೆ ಅವರ ಎರಡೂ ಕಿಡ್ನಿ ಕೈಕೊಟ್ಟಿದ್ದವು.

ಅವರ ಮನೆ ಇದ್ದದ್ದು ಆರ್.ಟಿ. ನಗರದಲ್ಲಿ. ಕೆಳಗೆ ಅವರ ಗಂಡ ಸಾಹೇಬರ ಅಂಗಡಿ, ಆಟೋಗೂ ಸ್ಕೂಟರಿಗೂ ರೆಕ್ಸಿನ್ ಸೀಟ್ ಕವರ್ ಹೊಲಿಯುವುದು. ಮೇಲೆ ಎರಡು ಕೋಣೆಯ ಮನೆ. ವಾರದಲ್ಲಿ ಮೂರು ದಿನ ಹೆಬ್ಬಾಳದ ಹತ್ತಿರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಉಳಿದ ದಿನಗಳ ಮಧ್ಯಾಹ್ನ ನಾನು ಹೋಗಿ ಅಧ್ಯಾಯವನ್ನು ಓದಿ ಹೇಳುತ್ತಿದ್ದೆ. ಸಾಹೇಬರು ಹೊಲಿಗೆ ನಿಲ್ಲಿಸಿ, "ಬನ್ನಿ ಬೇಟಾ, ನಿಮ್ ಮೇಡಂ ಈಗ ಎದ್ರು" ಎಂದು ಮೆಟ್ಟಿಲ ತನಕ ಬಂದು ಕಳಿಸುವರು. ನಡುವೆ ಟ್ರೇ ಹಿಡಿದು ಬಾಗಿಲಲ್ಲಿ ನಿಂತರೆ ಮೇಡಂ, "ಅಬ್ಬೀ ಚಾ ನಕ್ಕೋ ಜೀ" ಎಂದು ಕೈಯಲ್ಲೇ ತಡೆಯುವರು. ಚಾ ಈಗ ಬೇಡ, ಇನ್ನೊಂದು ಪುಟ ಇದೆ ಎಂದು. ಅವರು ಟ್ರೇ ಹಿಡಿದೇ ಆ ಪುಟ ಮುಗಿಯುವ ತನಕ ನಿಂತಿರುತ್ತಿದ್ದರು.

ಮೊದಮೊದಲು ಮೇಡಂ ಪ್ರತಿ ಸಾಲಿಗೂ ತಡೆದು ಕೇಳುತ್ತಿದ್ದರು. ಬರಬರುತ್ತಾ ಆಗಲಿಲ್ಲ. ಮೂರನೇ ಹೆಜ್ಜೆಗೆ ಬರುವಷ್ಟರಲ್ಲಿ ಮೊದಲನೆಯದು ಅವರ ಕೈಜಾರುತ್ತಿತ್ತು. ಮತ್ತೆ ಮೊದಲಿಂದ ಶುರು ಮಾಡಿಸುತ್ತಿದ್ದರು. ಅರ್ಧಕ್ಕೆ ಕಣ್ಣು ಮುಚ್ಚಿಕೊಂಡು, "ಇವತ್ತಿಗೆ ಸಾಕು" ಎನ್ನುತ್ತಿದ್ದರು.

ನನಗೆ ಥೀಸಿಸ್ ಕೊಡಬೇಕಾದ ಗಡುವು ಹತ್ತಿರ ಬಂತು. ಮಾರ್ಗದರ್ಶಕರು ಪೂರ್ತಿ ಪರಿಶೀಲಿಸಿದ್ದೇನೆ ಎಂದು ಸಹಿ ಹಾಕಬೇಕು. ಆ ಹಾಳೆ ತೆಗೆದುಕೊಂಡು ಹೋದೆ.

"ಮೊದಲ ಮೂರು ಅಧ್ಯಾಯಕ್ಕೆ ಹಾಕ್ತೀನಿ. ಕೊನೇದಕ್ಕೆ ಆಗಲ್ಲ" ಎಂದರು.

"ಸರಿ ಇದೆ ಮೇಡಂ. ನಾನು ಎಷ್ಟು ಸಲ ನೋಡಿದೀನಿ."

"ಸರಿ ಇರ್ಬಹುದು. ನಂಗೆ ಗೊತ್ತಾಗ್ತಿಲ್ಲ."

"ನನ್ನ ನಂಬಲ್ವಾ ಮೇಡಂ?"

ಅವರು ದಿಂಬಿಗೆ ಒರಗಿದ್ದವರು ಕಷ್ಟಪಟ್ಟು ನನ್ನ ಕಡೆ ತಿರುಗಿದರು. "ನಿಮ್ಮನ್ನ ನಂಬ್ತೀನಿ. ಆದ್ರೆ ಆ ಸಹಿ ನಿಮ್ಮನ್ನ ನಂಬ್ತೀನಿ ಅಂತ ಅಲ್ಲಮ್ಮ. ಓದಿದೀನಿ ಅಂತ."

ನಾನು ಹಾಳೆ ಮಡಚಿಕೊಂಡು ಇಳಿದು ಬಂದೆ. ಕೆಳಗೆ ಸಾಹೇಬರು ಏನೋ ಕೇಳಿದರು, ನಿಲ್ಲದೆ ರಸ್ತೆಗಿಳಿದೆ. ಅಷ್ಟು ವರ್ಷ ಜೊತೆಗಿದ್ದವಳಿಗೆ, ಅದೂ ಈ ಸ್ಥಿತಿಯಲ್ಲಿ, ಒಂದು ಸಹಿ ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ದಾರಿಯುದ್ದಕ್ಕೂ ಸಿಟ್ಟು ಬರುತ್ತಿತ್ತು. ಗಡುವು ಮೀರಿದರೆ ಮತ್ತೆ ಅರ್ಜಿ, ಮತ್ತೆ ಕಾಯುವುದು, ಅಮ್ಮನ ಅದೇ ಪ್ರಶ್ನೆ.

ಮನೆಗೆ ಹೋದ ಮೇಲೆ ಮೇಡಮ್ಮಿನ ಫೋನು ಬಂತು. ಬೇರೆ ಊರಿನ ದೊಡ್ಡ ಸಂಸ್ಥೆಯೊಂದರಲ್ಲಿ ಇದೇ ವಿಷಯದ ಒಬ್ಬ ಅಧ್ಯಾಪಕರಿದ್ದರು, ಇವರಿಗೆ ಹೆಚ್ಚು ಪರಿಚಯವೂ ಇರಲಿಲ್ಲ. ಮೇಡಂ ಅವರ ಹತ್ತಿರ ಆಗಲೇ ಮಾತಾಡಿ ಒಪ್ಪಿಸಿದ್ದರು. "ಅವರು ಸಹಮಾರ್ಗದರ್ಶಕರಾಗಿ ಇರ್ತಾರೆ. ಕೊನೇ ಅಧ್ಯಾಯ ಅವರು ಓದ್ತಾರೆ. ತಡ ಆಗುತ್ತೆ, ನಿಧಾನಕ್ಕೆ ಓದೋ ಮನುಷ್ಯ. ಒಳ್ಳೇದೇ ಆಯ್ತು" ಎಂದರು. ಮಾತಿನ ನಡುವೆ ಉಸಿರು ತೆಗೆದುಕೊಳ್ಳುವುದು ನನಗೆ ಕೇಳುತ್ತಿತ್ತು. ಆ ಅಧ್ಯಾಪಕರನ್ನು ಒಪ್ಪಿಸಲು ಅವರು ಎಷ್ಟು ಹೊತ್ತು ಮಾತಾಡಿರಬೇಕು ಎಂದು ಆಗ ಹೊಳೆಯಿತು. ಎರಡು ದಿನ ಬಿಟ್ಟು ನಾನು ಮತ್ತೆ ಆರ್.ಟಿ. ನಗರಕ್ಕೆ ಹೋದೆ. ಥೀಸಿಸ್ಸಿನ ಮಾತು ಇಬ್ಬರೂ ಎತ್ತಲಿಲ್ಲ. ಮೊದಲ ವರ್ಷದವರ ಉತ್ತರಪತ್ರಿಕೆಯಲ್ಲಿ ಬಂದ ತಮಾಷೆಗಳನ್ನು ಓದಿ ಹೇಳಿದೆ. ಚೆನ್ನಾಗಿ ನಕ್ಕರು.

ನಾಲ್ಕು ತಿಂಗಳ ನಂತರ, ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮುಂಚೆ ಮೇಡಂ ತೀರಿಕೊಂಡರು. ನಾನು ಹೋದಾಗ ಮನೆಯ ಹೆಂಗಸರು ಅವರ ಸುತ್ತ ಕೂತು ಮೆಲ್ಲಗೆ ಕುರಾನ್ ಓದುತ್ತಿದ್ದರು. ಅವರ ತಂಗಿ ಜಾಗ ಮಾಡಿಕೊಟ್ಟು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಗಂಡಸರು ಹೊತ್ತುಕೊಂಡು ಮೆಟ್ಟಿಲಿಳಿಯುವಾಗ ಹೆಗಲು ಕೊಟ್ಟವರಲ್ಲಿ ಅಲ್ಲಾಳಸಂದ್ರದ ಆ ಹುಡುಗನೂ ಇದ್ದ. ತಲೆಗೆ ಕರ್ಚೀಫು ಕಟ್ಟಿಕೊಂಡಿದ್ದ.

ಆ ಅಧ್ಯಾಪಕರು ನಿಜಕ್ಕೂ ನಿಧಾನ. ಹೆಚ್ಚುಕಮ್ಮಿ ಒಂದು ವರ್ಷ ತೆಗೆದುಕೊಂಡರು. ಒಂದು ಕಡೆ ನಾನು ಸಲೀಸಾಗಿ ದಾಟಿಹೋಗಿದ್ದ ಹೆಜ್ಜೆಗೆ ಒಂದು ಪುಟದಷ್ಟು ವಿವರಣೆ ಬೇಕು ಎಂದರು. ಬರೆದೆ. ಉಳಿದದ್ದೆಲ್ಲ ಸರಿಯಾಗಿತ್ತು. ಈಗ ನಾನೂ ಬೇರೆಯವರ ಥೀಸಿಸ್ಸಿಗೆ ಸಹಿ ಹಾಕುವ ಜಾಗದಲ್ಲಿದ್ದೇನೆ. ಓದದೆ ಹಾಕಿದ್ದಿಲ್ಲ. ಅದಕ್ಕಾಗಿ ನನ್ನ ಮೇಲೆ ಸಿಟ್ಟು ಮಾಡಿಕೊಂಡು ಮೆಟ್ಟಿಲಿಳಿದು ಹೋದವರೂ ಇದ್ದಾರೆ.

2019ರಲ್ಲಿ ನನ್ನ ಮೌಖಿಕ ಪರೀಕ್ಷೆ ನಡೆಯಿತು. ಅಮ್ಮ ಅಪ್ಪ ಮುಂದಿನ ಸಾಲಿನಲ್ಲಿದ್ದರು. ನಾನು ಮಾತು ಶುರು ಮಾಡಿ ತಲೆಯೆತ್ತಿ ನೋಡಿದರೆ, ಕೊನೆಯ ಬೆಂಚಿನಲ್ಲಿ ಸಾಹೇಬರು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಕಟ್ಟಿಕೊಂಡು. ಫೋನಿನಲ್ಲಿ ದಿನ ಹೇಳಿದ್ದೆ, ಅಂಗಡಿ ಮುಚ್ಚಿ ಅಷ್ಟು ದೂರ ಬರುತ್ತಾರೆಂದು ಎಣಿಸಿರಲಿಲ್ಲ. ಎರಡು ಗಂಟೆ ಕದಲದೆ ಕೂತು, ಒಂದಕ್ಷರವೂ ತಿಳಿಯದ ಆ ಮಾತುಗಳನ್ನೆಲ್ಲ ಕೇಳಿದರು.

ಎಲ್ಲರೂ ಕೈಕುಲುಕಿ, ಸಿಹಿ ಹಂಚಿ ಆದ ಮೇಲೆ ಹತ್ತಿರ ಬಂದರು.

"ಎಲ್ಲಾ ಸರಿ ಇತ್ತಾ ಬೇಟಾ? ಆ ಲಾಸ್ಟ್ ಚಾಪ್ಟರು?"

"ಸರಿ ಇತ್ತು ಸಾಹೇಬ್ರೆ."

"ಕೊನೇ ದಿನದ ತನಕ ಕೇಳ್ತಾನೇ ಇದ್ಲು. ಅದೇನಾಯ್ತೋ, ಅದೇನಾಯ್ತೋ ಅಂತ." ಅವರು ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. "ನಾಳೆ ಶುಕ್ರವಾರ. ನಮಾಜ್ ಮುಗಿಸ್ಕೊಂಡು ಅವಳ ಹತ್ರ ಹೋಗ್ತೀನಿ. ಸರಿ ಇತ್ತಂತೆ ಅಂತ ಹೇಳ್ತೀನಿ."

"ಒಂದು ಪುಟ ಸೇರಿಸ್ಬೇಕಾಯ್ತು" ಎಂದೆ. "ಅದನ್ನೂ ಹೇಳಿ."

"ಹೌ, ಹೇಳ್ತೀನಿ" ಎಂದು ಅವರು ಬಸ್‌ಸ್ಟಾಪಿನ ಕಡೆಗೆ ಹೊರಟರು.